ಎರಡೂ ಮೋಟರ್ ಒಮ್ಮೆಗೇ ಮುಳುಗಿದರೆ: ಸಂಭವನೀಯತೆಯ ಪಾಠ ಮತ್ತು ಅಣುಸ್ಥಾವರದ ಸುರಕ್ಷತಾ ಎಂಜಿನಿಯರ್

ಕಳೆದ ಸಾಲಿನ ಶಾಲಾ ಇಂಟರ್ನ್‌ಶಿಪ್‌ಗೆ ನಮ್ಮ ಗಣಿತ ವಿಭಾಗದ ಪ್ರಶಿಕ್ಷಣಾರ್ಥಿಗಳು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹಂಚಿಹೋಗಿದ್ದರು. ಪಾಠ ವೀಕ್ಷಣೆಗೆ ಮೂರೂ ಕಡೆ ಸುತ್ತುವ ಕೆಲಸ ನನ್ನದಾಗಿತ್ತು. ಆಳಂದದ ಒಂದು ಶಾಲೆಯಲ್ಲಿ ಹತ್ತನೇ ತರಗತಿಗೆ ಸಂಭವನೀಯತೆಯ ಮೊದಲ ಪಾಠ. ನಾಣ್ಯ, ದಾಳ, ಚೀಲದೊಳಗಿನ ಕೆಂಪು-ನೀಲಿ ಗೋಲಿ ಎಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಇದನ್ನ ಕಲಿತ್ರ ಯಾವ ನೌಕರಿ ಸಿಗ್ತದ್ರೀ?” ಎಂದು ಕೇಳಿದ. ಪ್ರಶಿಕ್ಷಣಾರ್ಥಿ “ವಿಮಾ ಕಂಪನಿ, ಹವಾಮಾನ ಇಲಾಖೆ” ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋದರು. ಉತ್ತರ ತಪ್ಪಲ್ಲ. ಆದರೆ ಹುಡುಗ ಕುಳಿತ ರೀತಿಯಲ್ಲೇ ಅದು ಅವನನ್ನು ಮುಟ್ಟಲಿಲ್ಲ ಎಂದು ಗೊತ್ತಾಯಿತು.

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ನಿತ್ಯಜೀವನದ ಅನ್ವಯಕ್ಕೆ ಒಂದು ಕಲಂ ಇರುತ್ತದೆ. ಅದನ್ನು ತುಂಬುವುದು ಹೇಗೆ ಎಂದು ನಾವು ಪ್ರಶಿಕ್ಷಣಾರ್ಥಿಗಳಿಗೆ ಹೇಳಿಕೊಡುವುದು ಕಡಿಮೆ. ಅದು ಖಾಲಿ ಇದ್ದರೆ ಅಂಕ ಕಳೆಯುವುದು ಮಾತ್ರ ತಪ್ಪುವುದಿಲ್ಲ. ಆ ವಾರಾಂತ್ಯ ನಾನೇ ಕುಳಿತು ಒಂದು ವೃತ್ತಿಯನ್ನು ಆರಿಸಿಕೊಂಡು ಟಿಪ್ಪಣಿ ಮಾಡಿದೆ. ಸಂಭವನೀಯತೆಯನ್ನೇ ಹಗಲೆಲ್ಲ ಕೈಯಲ್ಲಿ ಹಿಡಿದು ಕೆಲಸ ಮಾಡುವ ವೃತ್ತಿ ಅದು: ಪರಮಾಣು ವಿದ್ಯುತ್ ಸ್ಥಾವರದಲ್ಲಿ ಏನೇನು ಕೆಡಬಹುದು, ಎಷ್ಟು ಸಲ ಕೆಡಬಹುದು ಎಂದು ಲೆಕ್ಕ ಹಾಕುವ ಎಂಜಿನಿಯರಿಂಗ್. ನಮ್ಮ ಮಕ್ಕಳಿಗೆ ಇದು ದೂರದ ವಿಷಯವಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಅಷ್ಟೇನೂ ದೂರವಿಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, ಅವುಗಳ ವಿದ್ಯುತ್ತು ನಮ್ಮ ಪಂಪ್‌ಸೆಟ್ಟುಗಳಿಗೂ ಬರುವ ಅದೇ ಜಾಲಕ್ಕೆ ಸೇರುತ್ತದೆ. ಜೇವರ್ಗಿಯಿಂದ ಶಹಾಪುರದ ಕಡೆ ಹೊರಟರೆ ಸಿಗುವ ಗೋಗಿಯ ನೆಲದಲ್ಲಿ ಯುರೇನಿಯಂ ಇರುವುದನ್ನು ಪರಮಾಣು ಖನಿಜ ನಿರ್ದೇಶನಾಲಯ ಗುರುತಿಸಿದೆ. ಅದರ ಸುತ್ತ ನಡೆದ ವಾದ-ವಿವಾದ ನಮ್ಮ ಭಾಗದ ಮನೆಗಳಿಗೆ ಹೊಸದಲ್ಲ.

ಟಿಪ್ಪಣಿಯನ್ನು ಮೂವರು ಪ್ರಶಿಕ್ಷಣಾರ್ಥಿಗಳಿಗೆ ಕೊಟ್ಟೆ. ಮುಂದೆ ಜೇವರ್ಗಿಯಲ್ಲಿ ನಡೆದದ್ದು ಆ ಟಿಪ್ಪಣಿಯಲ್ಲಿ ಇರಲಿಲ್ಲ. ಅದನ್ನು ಹೇಳುವ ಮೊದಲು ಈ ಎಂಜಿನಿಯರ್ ಏನು ಮಾಡುತ್ತಾನೆ ಎಂಬುದನ್ನು ವಿವರಿಸಬೇಕು.

ರಿಯಾಕ್ಟರ್‌ನ ಒಂದು ವಿಚಿತ್ರ ಗುಣದಿಂದ ಶುರು ಮಾಡೋಣ. ಒಲೆಯ ಉರಿಯುವ ಕಟ್ಟಿಗೆಯನ್ನು ಹೊರಗೆಳೆದರೂ ಒಳಗಿನ ಕೆಂಡ ಬಹಳ ಹೊತ್ತು ಕಾವು ಕೊಡುತ್ತಿರುತ್ತದೆ. ರಿಯಾಕ್ಟರ್ ಕೂಡ ಹಾಗೆಯೇ. ವಿದಳನ ಕ್ರಿಯೆಯನ್ನು ಒಂದೆರಡು ಸೆಕೆಂಡಿನಲ್ಲಿ ನಿಲ್ಲಿಸಬಹುದು, ಆದರೆ ಇಂಧನದಲ್ಲಿ ಉಳಿದ ವಿಕಿರಣಶೀಲ ವಸ್ತುಗಳು ಕ್ಷಯಿಸುತ್ತ ಶಾಖ ಕೊಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಅದು ಪೂರ್ಣ ಶಕ್ತಿಯ ಸುಮಾರು ಶೇ. 6ರಿಂದ 7, ಒಂದು ಗಂಟೆಯ ನಂತರ ಶೇ. ಒಂದೂವರೆಯ ಆಸುಪಾಸು, ಒಂದು ದಿನ ಕಳೆದರೂ ಶೇ. ಅರ್ಧದಷ್ಟು. ಕೈಗಾದ ಒಂದು ಘಟಕದಲ್ಲಿ ಹುಟ್ಟುವ ಶಾಖ ಸುಮಾರು 750 ಮೆಗಾವ್ಯಾಟ್. ಅದರ ಶೇ. ಒಂದು ಎಂದರೂ ಏಳೂವರೆ ಮೆಗಾವ್ಯಾಟ್. ಅಷ್ಟನ್ನು ನೀರಿನಿಂದ ಹೊರಗೆ ಸಾಗಿಸದಿದ್ದರೆ ಇಂಧನವೇ ಕರಗುತ್ತದೆ. ಕೆಂಡದ ಹೋಲಿಕೆಗೂ ಒಂದು ಮಿತಿ ಇದೆ. ಕೆಂಡಕ್ಕೆ ನೀರು ಸುರಿದರೆ ಆರುತ್ತದೆ; ಈ ಕೆಂಡ ಆರುವುದಿಲ್ಲ, ತಂಪಾಗಿ ಇಟ್ಟುಕೊಂಡಿರಬೇಕು ಅಷ್ಟೆ. ಹೋಲಿಕೆ ಕೊಡುವಾಗ ಪ್ರಶಿಕ್ಷಣಾರ್ಥಿಗಳು ಈ ವ್ಯತ್ಯಾಸವನ್ನೂ ಹೇಳಬೇಕು.

ಆದ್ದರಿಂದ ಅಣುಸ್ಥಾವರದ ಸುರಕ್ಷತೆಯ ಬಹುಪಾಲು ಒಂದು ಸಾದಾ ಪ್ರಶ್ನೆಯ ಸುತ್ತ ತಿರುಗುತ್ತದೆ: ನೀರು ಹರಿಯುತ್ತಲೇ ಇರುತ್ತದೆಯೇ? ಪಂಪಿಗೆ ಕರೆಂಟು ಬೇಕು. ಹೊರಗಿನ ಕರೆಂಟು ಹೋದರೆ ಡೀಸೆಲ್ ಜನರೇಟರ್ ಬೇಕು. ಅದು ಶುರುವಾಗದಿದ್ದರೆ ಇನ್ನೊಂದು ಬೇಕು. ಬೋರ್‌ವೆಲ್ ಇರುವ ಮನೆಯ ಯಾವ ಹುಡುಗನಿಗಾದರೂ ಈ ಸರಪಳಿ ಗೊತ್ತು. ಟಿ.ಸಿ. ಸುಟ್ಟಿದೆಯೋ, ಸ್ಟಾರ್ಟರ್ ಕೆಟ್ಟಿದೆಯೋ, ಮೋಟರ್ ಸುಟ್ಟಿದೆಯೋ, ಬೋರಿನಲ್ಲಿ ನೀರೇ ಇಲ್ಲವೋ ಎಂದು ಅವನ ಅಪ್ಪ ಒಂದೊಂದಾಗಿ ನೋಡುತ್ತ ಹೋಗುತ್ತಾನೆ. ಎಂಜಿನಿಯರ್ ಅದನ್ನೇ ಕೆಡುವುದಕ್ಕೆ ಮೊದಲು, ಕಾಗದದ ಮೇಲೆ ಮಾಡುತ್ತಾನೆ. ‘ನೀರು ಬರಲಿಲ್ಲ’ ಎಂಬುದನ್ನು ಮೇಲೆ ಬರೆದು, ಅದಕ್ಕೆ ಕಾರಣಗಳನ್ನು ಕೆಳಗೆ ಕವಲು ಕವಲಾಗಿ ಇಳಿಸುತ್ತಾನೆ. ಯಾವುದಾದರೂ ಒಂದು ಕೆಟ್ಟರೆ ಸಾಕು ಎನ್ನುವ ಕಡೆ ‘ಅಥವಾ’, ಎಲ್ಲವೂ ಒಟ್ಟಿಗೆ ಕೆಡಬೇಕು ಎನ್ನುವ ಕಡೆ ‘ಮತ್ತು’. ಇದಕ್ಕೆ ದೋಷವೃಕ್ಷ ಎನ್ನುತ್ತಾರೆ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಿನಿಟ್‌ಮನ್ ಕ್ಷಿಪಣಿಯ ಉಡಾವಣಾ ವ್ಯವಸ್ಥೆಗಾಗಿ ಹುಟ್ಟಿದ ವಿಧಾನ ಅದು. ಇನ್ನೊಂದು ಘಟನಾವೃಕ್ಷ. ಅದು ಎಡದಿಂದ ಬಲಕ್ಕೆ ನಡೆಯುತ್ತದೆ: ಕರೆಂಟು ಹೋಯಿತು, ಮೊದಲ ಜನರೇಟರ್ ಶುರುವಾಯಿತೇ, ಇಲ್ಲವೇ, ಇಲ್ಲವಾದರೆ ಎರಡನೆಯದು? ಪ್ರತಿ ಕವಲಿಗೂ ಒಂದು ಸಂಭವನೀಯತೆ. ಪೂರಕ ಘಟನೆಗಳ ಮೊತ್ತ 1 ಎಂದು ಹತ್ತನೇ ತರಗತಿಯಲ್ಲಿ ಕಲಿಸುತ್ತೇವಲ್ಲ, ಅದರ ನೇರ ಬಳಕೆ ಇಲ್ಲಿದೆ.

ಈ ಕೆಲಸವನ್ನು ಮೂರು ಪ್ರಶ್ನೆಗಳಾಗಿ ಸ್ಟಾನ್ಲಿ ಕಪ್ಲಾನ್ ಮತ್ತು ಜಾನ್ ಗ್ಯಾರಿಕ್ 1981ರಲ್ಲಿ ಬಿಡಿಸಿಟ್ಟರು: ಏನು ಕೆಡಬಹುದು, ಅದು ಎಷ್ಟು ಸಂಭವ, ಕೆಟ್ಟರೆ ಪರಿಣಾಮವೇನು. ಮೂರನ್ನೂ ಸೇರಿಸಿದರೆ ಅಪಾಯ. ‘ಅಪಾಯ ಇದೆಯೋ ಇಲ್ಲವೋ’ ಎಂದು ಕೇಳುವವರಿಗೆ ಈ ಎಂಜಿನಿಯರ್ ಹೌದು-ಇಲ್ಲ ಎಂದು ಉತ್ತರ ಕೊಡಲಾರ.

ಈಗ ಜೇವರ್ಗಿಗೆ ಬರುತ್ತೇನೆ.

ಭೀಮಾ ತೀರಕ್ಕೆ ಹತ್ತಿರದ ಶಾಲೆ. ಪ್ರಶಿಕ್ಷಣಾರ್ಥಿ ನನ್ನ ಟಿಪ್ಪಣಿಯನ್ನು ಚೆನ್ನಾಗಿ ಓದಿಕೊಂಡು ಬಂದಿದ್ದರು. ಹೊಳೆಯ ದಂಡೆಯಲ್ಲಿ ಒಂದು ಕರೆಂಟು ಮೋಟರ್, ಪಕ್ಕದಲ್ಲೇ ಒಂದು ಡೀಸೆಲ್ ಪಂಪು ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಿದರು. ಒಂದು ದಿನ ಮೋಟರ್ ಕೆಟ್ಟಿರುವ ಸಂಭವನೀಯತೆ 1/10, ಪಂಪಿನದೂ 1/10 ಎಂದುಕೊಳ್ಳೋಣ ಎಂದರು. ಎರಡೂ ಕೆಟ್ಟಿರುವುದು? ಎರಡನ್ನೂ ಗುಣಿಸಿದರೆ 1/100. ಗುಣಾಕಾರದ ನಿಯಮ ಹತ್ತನೇ ತರಗತಿಯ ಪುಸ್ತಕದಲ್ಲಿಲ್ಲ, ಆದರೂ ಎರಡು ನಾಣ್ಯದ ಉದಾಹರಣೆಯಿಂದ ಅಲ್ಲಿಗೆ ಅಂದವಾಗಿಯೇ ತಲುಪಿದ್ದರು. “ಮೂರನೇ ಪಂಪು ಇಟ್ಟರೆ ಸಾವಿರಕ್ಕೆ ಒಂದು. ಹೀಗೆ ಒಂದರ ಮೇಲೊಂದು ಇಟ್ಟು ಅಣುಸ್ಥಾವರವನ್ನು ಸುರಕ್ಷಿತ ಮಾಡುತ್ತಾರೆ” ಎಂದರು.

ಎರಡನೇ ಸಾಲಿನ ಹುಡುಗಿ ಕೈ ಎತ್ತದೆಯೇ ಹೇಳಿದಳು: “ಹಂಗ ಆಗಂಗಿಲ್ರೀ ಸರ್. ಹೊಳಿ ಬಂದ್ರ ಎರಡೂ ಒಮ್ಮಿಗೇ ಮುಳುಗ್ತಾವ.”

ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ, “ಅದು ಬೇರೆ ವಿಷಯ, ನಾವು ಈಗ ಲೆಕ್ಕ ಮಾಡ್ತಾ ಇದ್ದೀವಿ, ಕೂತ್ಕೋ” ಎಂದರು. ಹುಡುಗಿ ಕುಳಿತಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ಪುಸ್ತಕದಲ್ಲಿ ‘ಸ್ಥಳೀಯ ಉದಾಹರಣೆ ಉತ್ತಮ, ತರಗತಿ ನಿರ್ವಹಣೆ ಉತ್ತಮ’ ಎಂದು ಬರೆದು ಸಹಿ ಮಾಡಿದೆ.

2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಸುರಿದ ಮಳೆಗೆ ಉಜನಿ ಮುಂತಾದ ಜಲಾಶಯಗಳಿಂದ ನೀರು ಬಿಟ್ಟು ಭೀಮಾ ಉಕ್ಕಿದ್ದು, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಆ ಹುಡುಗಿ ಆಗ ಇನ್ನೂ ಚಿಕ್ಕವಳು. ಅವರ ಮನೆಯ ಮೋಟರ್, ಪಕ್ಕದವರ ಡೀಸೆಲ್ ಪಂಪು ಎರಡೂ ಅದೇ ರಾತ್ರಿ ನೀರಿನಡಿ ಹೋಗಿದ್ದವಂತೆ. ಇದು ನನಗೆ ಗೊತ್ತಾದದ್ದು ಊಟದ ವೇಳೆಯಲ್ಲಿ, ಅವಳ ಗೆಳತಿಯಿಂದ. ಕಲಬುರಗಿಗೆ ಮರಳುವ ಬಸ್ಸಿನಲ್ಲಿ ಕುಳಿತಾಗ ನನಗೆ ಒಂದು ಬಗೆಯ ನಾಚಿಕೆಯಾಯಿತು. ಆ ಹುಡುಗಿ ಹೇಳಿದ್ದು ಬೇರೆ ವಿಷಯವಲ್ಲ, ಲೆಕ್ಕವೇ. ಅಪಾಯ ಮೌಲ್ಯಮಾಪನದಲ್ಲಿ ಅದಕ್ಕೆ ಒಂದು ಹೆಸರೇ ಇದೆ: ಸಮಾನಕಾರಣ ವೈಫಲ್ಯ. ಗುಣಿಸಬೇಕಾದರೆ ಎರಡು ಘಟನೆಗಳು ಪರಸ್ಪರ ಸ್ವತಂತ್ರವಾಗಿರಬೇಕು. ಒಂದೇ ದಂಡೆಯಲ್ಲಿ ನಿಂತ ಎರಡು ಪಂಪುಗಳು ಸ್ವತಂತ್ರವಲ್ಲ. ಈ ವೃತ್ತಿಯಲ್ಲಿ ಇರುವವರ ದೊಡ್ಡ ತಲೆನೋವೇ ಇದು.

ಅವಳ ಮಾತನ್ನು ಅಂಕಿಗೆ ಇಳಿಸಿ ನೋಡಿ. ಅಂಕಿಗಳು ತರಗತಿಗಾಗಿ ಊಹಿಸಿದವು. ಯಾವುದೇ ಒಂದು ದಿನ ದಂಡೆ ಮುಳುಗಿರುವ ಸಂಭವನೀಯತೆ 1/50, ಅಂದರೆ 0.02 ಎಂದುಕೊಳ್ಳಿ. ಮುಳುಗಿದ ದಿನ ಎರಡೂ ಪಂಪು ಖಂಡಿತ ನಿಲ್ಲುತ್ತವೆ. ಉಳಿದ 0.98 ಪಾಲಿನಲ್ಲಿ ಎರಡೂ ತಮ್ಮ ಪಾಡಿಗೆ ಕೆಟ್ಟಿರುವುದು 0.01. ಒಟ್ಟು 0.02 + 0.98 × 0.01 = 0.0298, ಹತ್ತಿರ ಹತ್ತಿರ 3/100. ನಾವು ಹಲಗೆಯ ಮೇಲೆ ಬರೆದದ್ದರ ಮೂರು ಪಟ್ಟು! ಮೂರನೇ ಪಂಪನ್ನೂ ಅಲ್ಲೇ ಇಟ್ಟರೆ 0.02 + 0.98 × 0.001, ಅಂದರೆ ಸುಮಾರು 0.021. ಸಾವಿರಕ್ಕೆ ಒಂದು ಎಂದು ನಾವು ಹೇಳಿದ ಜಾಗದಲ್ಲಿ ಸಾವಿರಕ್ಕೆ ಇಪ್ಪತ್ತೊಂದು. ಈಗ ಮೂರನೆಯದನ್ನು ಕೊಳ್ಳದೆ, ಇರುವ ಎರಡರಲ್ಲಿ ಒಂದನ್ನು ನೀರು ಏರದ ದಿಬ್ಬಕ್ಕೆ ಒಯ್ಯಿರಿ. ಹೊಳೆ ಬಂದ ದಿನ ಕೆಳಗಿನದು ಮುಳುಗುತ್ತದೆ, ಮೇಲಿನದು ತನ್ನ ಪಾಡಿಗೆ ಕೆಟ್ಟಿದ್ದರೆ ಮಾತ್ರ ತೊಂದರೆ: 0.02 × 0.1 = 0.002. ಉಳಿದ ದಿನಗಳದ್ದು 0.0098. ಒಟ್ಟು 0.0118. ದಂಡೆಯಲ್ಲಿ ಸಾಲಾಗಿ ನಿಂತ ಮೂರು ಪಂಪಿಗಿಂತ, ಎತ್ತರ ಬೇರೆಯಾದ ಎರಡು ಪಂಪು ಹೆಚ್ಚು ನಂಬಿಕೆಗೆ ಅರ್ಹ. ಖರ್ಚೂ ಕಡಿಮೆ.

ಇದನ್ನೇ ಜಗತ್ತು ಬಹಳ ದುಬಾರಿಯಾಗಿ ಕಲಿತಿದೆ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದೈಚಿಯಲ್ಲಿ ಭೂಕಂಪದಿಂದ ಹೊರಗಿನ ಕರೆಂಟು ಹೋದಾಗ ಡೀಸೆಲ್ ಜನರೇಟರುಗಳು ಸರಿಯಾಗಿಯೇ ಶುರುವಾಗಿದ್ದವು. ಮುಕ್ಕಾಲು ಗಂಟೆಯ ನಂತರ ಬಂದ ಸುನಾಮಿ ಸುಮಾರು 14 ಮೀಟರ್ ಎತ್ತರದ್ದು. ಸ್ಥಾವರದವರು ಎಣಿಸಿದ್ದು ಆರು ಮೀಟರ್‌ಗೂ ಕಡಿಮೆ. ಜನರೇಟರುಗಳು ಹೆಚ್ಚಾಗಿ ತಗ್ಗಿನಲ್ಲಿ, ನೆಲಮಾಳಿಗೆಗಳಲ್ಲಿದ್ದವು. ಒಂದಲ್ಲ ಎರಡಲ್ಲ, ಬಹುತೇಕ ಎಲ್ಲವೂ ಒಟ್ಟಿಗೆ ನಿಂತವು. ಉಳಿದದ್ದು ಆರನೇ ಘಟಕದ ಒಂದೇ ಒಂದು. ಅದು ಎತ್ತರದಲ್ಲಿತ್ತು, ಸಮುದ್ರದ ನೀರನ್ನು ನೆಚ್ಚದೆ ಗಾಳಿಯಿಂದ ತಂಪಾಗುವಂಥದ್ದು. ಐದು ಮತ್ತು ಆರನೇ ಘಟಕಗಳನ್ನು ಉಳಿಸಿದ್ದು ಅದೇ. ಜೇವರ್ಗಿಯ ಹುಡುಗಿಯ ಮಾತಿಗೂ ಇದಕ್ಕೂ ಎಷ್ಟು ದೂರ?

ನಮ್ಮ ದೇಶದ್ದೇ ಒಂದು ಪ್ರಸಂಗ ಇದೆ, ಪ್ರಶಿಕ್ಷಣಾರ್ಥಿಗಳಿಗೆ ಅದು ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. 1993ರ ಮಾರ್ಚ್ 31ರ ಮುಂಜಾವು, ಉತ್ತರ ಪ್ರದೇಶದ ನರೋರಾ. ಒಂದನೇ ಘಟಕದ ಟರ್ಬೈನಿನ ಎರಡು ಅಲಗು ಮುರಿದವು. ಯಂತ್ರ ಅದುರಿ ಹೈಡ್ರೋಜನ್ ಸೋರಿತು, ಬೆಂಕಿ ಹೊತ್ತಿತು. ಬೆಂಕಿ ಕೇಬಲ್ ಹಿಡಿದು ಹರಿಯಿತು. ಮುಖ್ಯ ವಿದ್ಯುತ್ತಿನ ಕೇಬಲ್ಲು, ಅದು ಹೋದರೆ ಎಂದು ಇಟ್ಟ ಬದಲಿ ವ್ಯವಸ್ಥೆಯ ಕೇಬಲ್ಲು ಎರಡೂ ಸಾಕಷ್ಟು ಬೇರ್ಪಡಿಸದೆ ಹಾದುಹೋಗಿದ್ದವು. ಕಾಗದದ ಮೇಲೆ ಎರಡು ವ್ಯವಸ್ಥೆ. ಬೆಂಕಿಗೆ ಮಾತ್ರ ಅದು ಒಂದೇ. ಸ್ಥಾವರ ಹದಿನೇಳು ಗಂಟೆಗಳಷ್ಟು ಕಾಲ ಕತ್ತಲಲ್ಲಿ ಇತ್ತು. ನಿಯಂತ್ರಣ ಕೊಠಡಿಗೆ ಹೊಗೆ ತುಂಬಿತು. ಸಿಬ್ಬಂದಿ ಬ್ಯಾಟರಿ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲೇರಿ, ಬೋರಾನ್ ದ್ರಾವಣ ತಾನಾಗಿ ಕೆಳಗಿಳಿಯುವಂತೆ ಕವಾಟಗಳನ್ನು ಕೈಯಿಂದಲೇ ತೆರೆದರು. ಬೆಂಕಿ ಆರಿಸಲು ಇದ್ದ ಡೀಸೆಲ್ ಪಂಪುಗಳಿಂದ ತಂಪಿಗೆ ನೀರು ಕೊಟ್ಟರು. ವಿಕಿರಣ ಹೊರಗೆ ಬರಲಿಲ್ಲ.

ವಿಷಾದವೆಂದರೆ, ಇದಕ್ಕಿಂತ ಹದಿನೆಂಟು ವರ್ಷ ಮೊದಲು, 1975ರ ಮಾರ್ಚ್ 22ರಂದು ಅಮೆರಿಕದ ಬ್ರೌನ್ಸ್ ಫೆರ್ರಿಯಲ್ಲಿ ಒಬ್ಬ ಕೆಲಸಗಾರ ಗಾಳಿ ಸೋರುವ ಕಂಡಿ ಹುಡುಕಲು ಮೇಣದ ಬತ್ತಿ ಹಿಡಿದಾಗ ಬೆಂಕಿ ಹತ್ತಿ ಇಂಥದೇ ಕೇಬಲ್ ಸುಟ್ಟಿತ್ತು. ಪಾಠ ಸಿಕ್ಕಿತ್ತು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಯ ಗೋಡೆಯೊಳಗಿನ ಕೇಬಲ್ಲಿಗೆ ತಲುಪಲು ಎಷ್ಟು ವರ್ಷ ಹಿಡಿಯುತ್ತದೆ ಎಂಬುದೂ ಈ ಎಂಜಿನಿಯರನ ಕೆಲಸದ ಒಂದು ಭಾಗ.

ಇದೇ 1975ರಲ್ಲಿ ಎಂ.ಐ.ಟಿ.ಯ ನಾರ್ಮನ್ ರಾಸ್ಮುಸೆನ್ ನೇತೃತ್ವದ ತಂಡ ಅಣುಸ್ಥಾವರಗಳ ಅಪಾಯವನ್ನು ಮೊದಲ ಬಾರಿಗೆ ಪೂರ್ಣವಾಗಿ ಲೆಕ್ಕ ಹಾಕಿ ವರದಿ ಕೊಟ್ಟಿತು. ಈ ವೃತ್ತಿ ಹುಟ್ಟಿದ್ದೇ ಅಲ್ಲಿಂದ ಎನ್ನಬಹುದು. ಅನಿಶ್ಚಿತತೆಯನ್ನು ಕಡಿಮೆ ತೋರಿಸಿದೆ ಎಂದು ಅದಕ್ಕೆ ಟೀಕೆ ಬಂತು. 1979ರ ಜನವರಿಯಲ್ಲಿ ಅಮೆರಿಕದ ನಿಯಂತ್ರಣ ಆಯೋಗವೇ ವರದಿಯ ಸಾರಾಂಶಕ್ಕೆ ತಾನು ಕೊಟ್ಟಿದ್ದ ಸಮ್ಮತಿಯನ್ನು ಹಿಂತೆಗೆದುಕೊಂಡಿತು. ಎರಡು ತಿಂಗಳಿಗೆ, ಮಾರ್ಚ್ 28ರಂದು, ತ್ರೀ ಮೈಲ್ ಐಲೆಂಡ್. ತೆರೆದುಕೊಂಡ ಕವಾಟ ಮುಚ್ಚಲಿಲ್ಲ, ಸಿಬ್ಬಂದಿ ಪರಿಸ್ಥಿತಿಯನ್ನು ತಪ್ಪು ತಿಳಿದು ತುರ್ತು ನೀರನ್ನು ಕಡಿಮೆ ಮಾಡಿದರು, ಇಂಧನ ಕರಗಿತು. ದೊಡ್ಡ ಕೊಳವೆ ಒಡೆಯುವುದಕ್ಕಿಂತ ಸಣ್ಣ ಸೋರಿಕೆ ಮತ್ತು ಮನುಷ್ಯನ ತಪ್ಪು ಹೆಚ್ಚು ಅಪಾಯ ಎಂದು ಆ ಟೀಕೆಗೊಳಗಾದ ವರದಿ ಮೊದಲೇ ಹೇಳಿತ್ತು. ಅಂತಿಮ ಅಂಕಿ ನಂಬಲಾಗದ್ದಾದರೂ ಅಲ್ಲಿಗೆ ಹೋದ ದಾರಿ ಉಪಯುಕ್ತವಾಗಿತ್ತು. ಗಣಿತ ಶಿಕ್ಷಕರಾದ ನಮಗೆ ಇದು ಅಪರಿಚಿತ ಅನುಭವವೇನಲ್ಲ. ಉತ್ತರ ತಪ್ಪಾದರೂ ಹಂತಗಳಿಗೆ ಅಂಕ ಕೊಡುತ್ತೇವಲ್ಲವೇ?

ಅಂಕಿಯನ್ನು ಓದುವುದರಲ್ಲೂ ಎಡವುತ್ತೇವೆ. ಈಗಿರುವ ಸ್ಥಾವರಗಳಲ್ಲಿ ರಿಯಾಕ್ಟರಿನ ಗರ್ಭಕ್ಕೆ ಗಂಭೀರ ಹಾನಿಯಾಗುವುದು ಹತ್ತು ಸಾವಿರ ರಿಯಾಕ್ಟರ್-ವರ್ಷಗಳಿಗೆ ಒಂದಕ್ಕಿಂತ ಕಡಿಮೆ ಇರಬೇಕು, ಹೊಸ ಸ್ಥಾವರಗಳಲ್ಲಿ ಒಂದು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂಬುದು ಅಂತರರಾಷ್ಟ್ರೀಯ ಗುರಿ. ಇದನ್ನು ಕೇಳಿದ ನನ್ನ ಪ್ರಶಿಕ್ಷಣಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ‘ಹಾಗಾದರೆ ಹತ್ತು ಸಾವಿರ ವರ್ಷ ಏನೂ ಆಗುವುದಿಲ್ಲ’ ಎಂದರು. 25 ರಿಯಾಕ್ಟರುಗಳು 40 ವರ್ಷ ನಡೆದರೆ 1,000 ರಿಯಾಕ್ಟರ್-ವರ್ಷ. ಪ್ರತಿಯೊಂದಕ್ಕೂ ಸಂಭವನೀಯತೆ 1/10,000 ಆದರೆ, ಒಮ್ಮೆಯಾದರೂ ಆಗುವ ಸಂಭವ 1 – (0.9999)ರ 1,000ನೇ ಘಾತ, ಹತ್ತಿರ ಹತ್ತಿರ ಹತ್ತಕ್ಕೆ ಒಂದು. ಗುರಿ ಹತ್ತು ಪಟ್ಟು ಬಿಗಿಯಾದರೆ ನೂರಕ್ಕೆ ಒಂದು. ಕ್ಯಾಲ್ಕುಲೇಟರ್ ಕೊಟ್ಟು ಇದನ್ನು ಮಾಡಿಸಿದಾಗ ತರಗತಿಯಲ್ಲಿ ಆದ ಮೌನ ನನಗೆ ಇಷ್ಟವಾಯಿತು.

ಆಳಂದದಲ್ಲಿ ಇನ್ನೊಂದು ದಾರಿ ಸಿಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಜನ ಮಲಗಿದ್ದಾಗ, ಗಡಿಯಾಚೆಯ ಕಿಲ್ಲಾರಿ ಕಂಪಿಸಿತು. ಸುಮಾರು ಹತ್ತು ಸಾವಿರ ಜನ ಸತ್ತರು. ಆಳಂದದ ಹಿರಿಯರಿಗೆ ಆ ನಡುಕ ಇನ್ನೂ ನೆನಪಿದೆ. ದಖ್ಖನ್ ಎಂದರೆ ಗಟ್ಟಿ ನೆಲ, ಇಲ್ಲಿ ಭೂಕಂಪದ ಭಯವಿಲ್ಲ ಎಂಬ ನಂಬಿಕೆ ಆ ಒಂದು ಬೆಳಗಿನಲ್ಲಿ ಕುಸಿಯಿತು. ಹಿಂದೆ ಆಗಿಲ್ಲ ಎಂಬುದು ಮುಂದೆ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಅವಲೋಕಿಸಿದ ಅವಧಿ ಚಿಕ್ಕದಾಗಿರಬಹುದು. ಪ್ರಾಯೋಗಿಕ ಸಂಭವನೀಯತೆ ಮತ್ತು ಸೈದ್ಧಾಂತಿಕ ಸಂಭವನೀಯತೆಯ ವ್ಯತ್ಯಾಸ ಹೇಳಲು ದಾಳವನ್ನು ನೂರು ಸಲ ಎಸೆಯುವುದಕ್ಕಿಂತ, ಮಕ್ಕಳನ್ನು ಮನೆಗೆ ಕಳಿಸಿ ಅಜ್ಜಿಯನ್ನು ಕೇಳಿ ಬನ್ನಿ ಎನ್ನುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಕೈಗಾಕ್ಕೂ ಇಂಥ ಪ್ರಶ್ನೆಗಳಿವೆ. ಅದು ಕಾಳಿ ನದಿಯ ದಂಡೆಯಲ್ಲಿದೆ. ಮೇಲೆ ಸೂಪಾ, ಕೊಡಸಳ್ಳಿ ಅಣೆಕಟ್ಟುಗಳು, ಕೆಳಗೆ ಕದ್ರಾ. ಮೇಲಿನದು ಒಡೆದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಯಾರಾದರೂ ಕೂತು ಲೆಕ್ಕ ಹಾಕಲೇಬೇಕು. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರ ಕಳಚಿ ಬಿತ್ತು; ನೂರಕ್ಕೂ ಹೆಚ್ಚು ಟನ್. ಕೆಲಸಗಾರರು ಗಾಯಗೊಂಡರು. ಆಗ ಇಂಧನ ಇನ್ನೂ ಬಂದಿರಲಿಲ್ಲ. ವಿನ್ಯಾಸವನ್ನು ಮತ್ತೆ ಪರಿಶೀಲಿಸಿ ಬದಲಿಸಿದರು, ಆ ಘಟಕ 2000ದಲ್ಲಿ ವಿದ್ಯುತ್ ಕೊಡತೊಡಗಿತು. ಕಾಕತಾಳೀಯವೆಂಬಂತೆ 2016ರ ಅದೇ ಮೇ 13ರಂದು ಶುರುವಾದ ಅದೇ ಘಟಕದ ಓಟ 2018ರ ಡಿಸೆಂಬರ್ 31ರವರೆಗೆ, 962 ದಿನ, ನಿಲ್ಲದೆ ನಡೆದು ಆಗಿನ ವಿಶ್ವದಾಖಲೆಯಾಯಿತು. ಎರಡನ್ನೂ ಹೇಳಬೇಕು, ಒಂದನ್ನೇ ಹೇಳುವ ಶಿಕ್ಷಕ ಪ್ರಚಾರಕನಾಗುತ್ತಾನೆ. 2009ರ ನವೆಂಬರಿನಲ್ಲಿ ಅಲ್ಲಿಯ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಸೇರಿಸಿ ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹ ಸೇರಿದ್ದೂ ಇದೆ. ಬೇಕೆಂದೇ ಮಾಡುವ ಕೆಲಸವನ್ನು ಯಾವ ದೋಷವೃಕ್ಷದ ಯಾವ ಕವಲಿನಲ್ಲಿ, ಎಷ್ಟು ಸಂಭವನೀಯತೆ ಕೊಟ್ಟು ಬರೆಯುವುದು? ಈ ವಿಧಾನದ ಮಿತಿ ಇಲ್ಲಿ ಕಾಣುತ್ತದೆ.

ಅಂಕಿ ಸಿಕ್ಕ ಮಾತ್ರಕ್ಕೆ ಒಪ್ಪಿಗೆ ಸಿಗುವುದಿಲ್ಲ ಎಂಬುದೂ ಕೈಗಾದ ಕಥೆಯಲ್ಲಿದೆ. ಶಿವರಾಮ ಕಾರಂತರು ಈ ಯೋಜನೆಯನ್ನು ವಿರೋಧಿಸಿ, 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಆದರೆ ‘ಎಷ್ಟು ಅಪಾಯವನ್ನು ಯಾರ ಪರವಾಗಿ ಯಾರು ಒಪ್ಪಿಕೊಳ್ಳಬಹುದು’ ಎಂಬ ಪ್ರಶ್ನೆ ಎಂಜಿನಿಯರ್ ಉತ್ತರಿಸುವಂಥದ್ದಲ್ಲ, ಅದು ಊರಿನದು.

ಇನ್ನು ಆಳಂದದ ಹುಡುಗನ ಪ್ರಶ್ನೆ: ನೌಕರಿ ಸಿಗುವುದು ಹೇಗೆ? ನಮ್ಮವರಲ್ಲಿ ಅಣುಶಕ್ತಿಗೆ ಹೋದವರೆಂದರೆ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರು ಮಕ್ಕಳಿಗೆ ಗೊತ್ತಿರುತ್ತದೆ. ಎಂಜಿನಿಯರಾಗಿ ಹೋದವರಲ್ಲಿ ಎಂ.ಆರ್. ಶ್ರೀನಿವಾಸನ್ ಅವರನ್ನು ಹೇಳಬೇಕು. 1930ರಲ್ಲಿ ಬೆಂಗಳೂರಿನಲ್ಲಿ ಜನನ, ಅಲ್ಲಿಯೇ ಈಗ ವಿಶ್ವೇಶ್ವರಯ್ಯನವರ ಹೆಸರಿನಲ್ಲಿರುವ ಕಾಲೇಜಿನಿಂದ 1950ರಲ್ಲಿ ಮೆಕ್ಯಾನಿಕಲ್ ಪದವಿ, ಕೆನಡಾದ ಮೆಕ್‌ಗಿಲ್‌ನಲ್ಲಿ ಡಾಕ್ಟರೇಟ್. 1955ರಲ್ಲಿ ಅಣುಶಕ್ತಿ ಇಲಾಖೆ ಸೇರಿ, ಮರುವರ್ಷ ಚಾಲನೆಗೊಂಡ ಅಪ್ಸರಾ ರಿಯಾಕ್ಟರಿನಲ್ಲಿ ಕೆಲಸ ಮಾಡಿದರು. 1987ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 2025ರ ಮೇ ತಿಂಗಳಲ್ಲಿ ಊಟಿಯಲ್ಲಿ ತೀರಿಕೊಂಡರು. ಅವರು ಕಟ್ಟಿದವರು. ನಾನು ಹೇಳುತ್ತಿರುವ ಎಂಜಿನಿಯರ್ ಕಟ್ಟಿದ್ದನ್ನು ಅನುಮಾನಿಸುವವನು. ಅದಕ್ಕಾಗಿಯೇ 1983ರ ನವೆಂಬರ್‌ನಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಬಂತು. ಅದಕ್ಕೆ ಬೇಕಾದಷ್ಟು ಸ್ವಾತಂತ್ರ್ಯವಿಲ್ಲ ಎಂದು 2012ರಲ್ಲಿ ಮಹಾಲೇಖಪಾಲರ ವರದಿಯೇ ಹೇಳಿತು. ಅನುಮಾನಿಸುವವನ ಸಂಬಳವನ್ನು ಯಾರು ಕೊಡುತ್ತಾರೆ ಎಂಬುದು ಸಣ್ಣ ವಿಷಯವಲ್ಲ.

ದಾರಿ ಹೀಗಿದೆ. ಪಿ.ಯು.ದಲ್ಲಿ ಭೌತವಿಜ್ಞಾನ, ಗಣಿತ. ನಂತರ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್, ಸಿವಿಲ್ ಹೀಗೆ ಯಾವುದಾದರೊಂದು ಎಂಜಿನಿಯರಿಂಗ್ ಪದವಿ, ಒಳ್ಳೆಯ ಅಂಕಗಳೊಂದಿಗೆ. ಕಲಬುರಗಿಯ ಪಿ.ಡಿ.ಎ. ಕಾಲೇಜು 1958ರಿಂದ ಇದೆ, ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಆಮೇಲೆ ಗೇಟ್ ಅಂಕ ಅಥವಾ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಸ್ವಂತ ಪರೀಕ್ಷೆ, ಸಂದರ್ಶನ. ಆಯ್ಕೆಯಾದರೆ ಆ ಕೇಂದ್ರದ ತರಬೇತಿ ಶಾಲೆಯಲ್ಲಿ ಒಂದು ವರ್ಷ ಸಂಬಳದಂಥ ವಿದ್ಯಾರ್ಥಿವೇತನದೊಂದಿಗೆ ಓದು. ಆ ಶಾಲೆ 1957ರಿಂದ ನಡೆಯುತ್ತಿದೆ. ಅಲ್ಲಿಂದ ಟ್ರಾಂಬೆ, ಕಲ್ಪಾಕ್ಕಂ, ನಿಯಂತ್ರಣ ಮಂಡಳಿ ಹೀಗೆ ನೇಮಕ. ಪರಮಾಣು ವಿದ್ಯುತ್ ನಿಗಮ ಬೇರೆಯಾಗಿ ಗೇಟ್ ಮೂಲಕ ತೆಗೆದುಕೊಳ್ಳುತ್ತದೆ. ಡಿಪ್ಲೊಮಾ, ಐ.ಟಿ.ಐ. ಮಾಡಿದವರಿಗೂ ತರಬೇತಿ ಭತ್ಯೆಯ ಪ್ರವೇಶವಿದೆ, ಅದನ್ನು ಹೇಳಲು ನಾವು ಮರೆಯುತ್ತೇವೆ. ಯಾರೂ ನೇರವಾಗಿ ಅಪಾಯ ಲೆಕ್ಕಕ್ಕೆ ಬರುವುದಿಲ್ಲ; ಕವಾಟ, ಪಂಪು, ಕೇಬಲ್ ಹೇಗೆ ಕೆಡುತ್ತವೆ ಎಂದು ಕೆಲವು ವರ್ಷ ಕೈಮುಟ್ಟಿ ನೋಡಿದವರೇ ಅದರಲ್ಲಿ ಪಳಗುತ್ತಾರೆ. ಒಂದು ಎಚ್ಚರಿಕೆ: 371-ಜೆ ಅಡಿಯ ಮೀಸಲಾತಿ ನಮ್ಮ ಭಾಗದ ಮಕ್ಕಳಿಗೆ ರಾಜ್ಯದ ಎಂಜಿನಿಯರಿಂಗ್ ಸೀಟಿನಲ್ಲಿ ನೆರವಾಗುತ್ತದೆ, ಆದರೆ ಕೇಂದ್ರದ ಈ ಆಯ್ಕೆಗಳಲ್ಲಿ ಇಲ್ಲ. ಅಲ್ಲಿ ಇಡೀ ದೇಶದೊಂದಿಗೆ ನಿಲ್ಲಬೇಕು.

ಜೇವರ್ಗಿಯ ಆ ಪ್ರಶಿಕ್ಷಣಾರ್ಥಿಯನ್ನು ಮರುದಿನ ಕರೆದು, ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದದ್ದನ್ನು ಅವರ ಎದುರಿಗೇ ಹೊಡೆದುಹಾಕಿದೆ. ತಪ್ಪು ಅವರಿಗಿಂತ ನನ್ನದು ಹೆಚ್ಚು, ಟಿಪ್ಪಣಿಯಲ್ಲಿ ‘ಸ್ವತಂತ್ರ ಘಟನೆ’ ಎಂಬ ಷರತ್ತನ್ನು ನಾನೇ ಬಿಟ್ಟಿದ್ದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಅದೇ ತರಗತಿಗೆ ಇನ್ನೊಂದು ಪೀರಿಯಡ್ ಕೊಡಿಸ್ರಿ” ಎಂದರು. ಮಾರ್ಗದರ್ಶಕ ಶಿಕ್ಷಕರು ಶನಿವಾರದ ಕೊನೆಯ ಅವಧಿ ಬಿಟ್ಟುಕೊಟ್ಟರು.

ಆ ದಿನ ಅವರು ಹಿಂದಿನ ಲೆಕ್ಕವನ್ನು ಹಾಗೆಯೇ ಹಲಗೆಯ ಮೇಲೆ ಬರೆದು, ಹುಡುಗಿಯನ್ನು ಕರೆದು ಅದನ್ನು ತಿದ್ದಲು ಹೇಳಿದರು. ಅವಳು ಮೊದಲು ಹಿಂಜರಿದಳು. ದಿಬ್ಬದ ಮೇಲಿನ ಪಂಪಿನ 0.0118 ಬರುವ ಹೊತ್ತಿಗೆ ಇಡೀ ತರಗತಿ ಲೆಕ್ಕದಲ್ಲಿತ್ತು. ನಂತರ ಗುಂಪುಗಳಾಗಿ ‘ಶಾಲೆಯಲ್ಲಿ ಕುಡಿಯಲು ನೀರಿಲ್ಲ’ ಎಂಬುದಕ್ಕೆ ದೋಷವೃಕ್ಷ ಬಿಡಿಸಿದರು. ಕರೆಂಟು, ಮೋಟರು, ಟಾಕಿ, ನಳ ಎಲ್ಲ ಬಂದವು. ನಾಲ್ಕು ಗುಂಪಿನಲ್ಲಿ ಮೂರು ಗುಂಪುಗಳು ಒಂದು ಕವಲನ್ನು ದಪ್ಪ ಗೆರೆಯಿಂದ ಬರೆದಿದ್ದವು: ಮೋಟರ್ ಕೋಣೆಯ ಕೀಲಿಕೈ ಒಬ್ಬರ ಹತ್ತಿರ ಮಾತ್ರ ಇದೆ, ಅವರು ಊರಿಗೆ ಹೋದ ದಿನ ನೀರಿಲ್ಲ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಆತು, ಇನ್ನೊಂದು ಕೀಲಿಕೈ ಮಾಡಿಸ್ತೀನಿ” ಎಂದರು.

“ಎಲ್ಲಿ ಇಡ್ತೀರಿ ಸರ್?” ಎಂದಳು ಹುಡುಗಿ.

“ಆಫೀಸಿನ ಕಪಾಟಿನ್ಯಾಗ.”

“ಆ ಕಪಾಟಿನ ಕೀಲಿಕೈ ಸೈತ ಅವರ ಹಂತ್ಯಾಕೇ ಅದರೀ.”

ಮುಂದಿನ ಸೋಮವಾರ ನಾನು ಹೋದಾಗ ಎರಡನೇ ಕೀಲಿಕೈ ಬಿಸಿಯೂಟದ ಅಡುಗೆ ಕೋಣೆಯ ಗೋಡೆಯ ಮೊಳೆಗೆ ತೂಗುತ್ತಿತ್ತು.